ಭರ್ಜಿಗೆ ಬಿದ್ದ ಸಿಂಬೆ

ಕಾರವಾರದ ಬಂದರುಕೇರಿ ಬೈತಖೋಲದ ಹೀರಾ ವರ್ಷಕ್ಕೆ ಒಂದು ಸಂಜೆ ರಾಣಿಯಾಗುತ್ತಿದ್ದಳು. ಉಳಿದ ದಿನಗಳಲ್ಲಿ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಕಾರವಾರದ ಪೇಟೆಯಲ್ಲೋ ಅಂಕೋಲೆಯ ಓಣಿಗಳಲ್ಲೋ ಮಾರುತ್ತಿದ್ದಳು. ಮಾರಾಟ ಈಗಲೂ ಇದೆ. ರಾಣಿಯ ಪಾತ್ರ ಹೋಗಿದೆ. ಅದು ಹೇಗೆ ಹೋಯಿತು ಮತ್ತು ಹೋಗುವಾಗ ಅವಳು ಏನನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಬರೆಯುತ್ತಿದ್ದೇನೆ. ಬಹುಪಾಲು ನಾನು ಕಣ್ಣಾರೆ ನೋಡಿದ್ದು. ಕೇಳಿ ತಿಳಿದದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ.

ಮೊದಲು ನಾಟಕದ ವಿಷಯ. ನಮ್ಮ ಮಂಡಳಿ ನವರಾತ್ರಿಯಲ್ಲಿ ದೇವಿಯ ಮಂಟಪದ ಎದುರು ಒಂದೇ ನಾಟಕ ಆಡುತ್ತದೆ. ಅದು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ. ಹದಿನಾರನೆಯ ಶತಮಾನದಲ್ಲಿ ಈ ಕರಾವಳಿಯನ್ನು ಆಳಿದ ಜೈನ ರಾಣಿ ಅವಳು. ಕರಿಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು, ಅವಳೊಡನೆ ಕಾದಾಡಿದರು ಕೂಡ. ಆ ಕಾಲದಲ್ಲಿ ಗೋವೆಯಲ್ಲಿ ಧರ್ಮದ ಹೆಸರಿನಲ್ಲಿ ವಿಚಾರಣೆ, ಶಿಕ್ಷೆ ನಡೆಯುತ್ತಿದ್ದವು. ಜನ ತಮ್ಮ ದೇವರುಗಳನ್ನು ಹೊತ್ತು ದಕ್ಷಿಣಕ್ಕೆ ಬಂದರು, ಬಂದವರಿಗೆ ರಾಣಿ ನೆಲೆ ಕೊಟ್ಟಳು ಎನ್ನುತ್ತಾರೆ. ಇತಿಹಾಸದ ಮಾತು ಇಲ್ಲಿಗೆ ಸಾಕು. ಮುಂದಿನ ದೃಶ್ಯ ನಾಟಕ ಬರೆದವರ ಕಲ್ಪನೆ ಇರಬೇಕು.

ಆ ದೃಶ್ಯ ಹೀಗಿದೆ. ಗೋವೆಯಿಂದ ಬಂದ ದೋಣಿ ದಡಕ್ಕೆ ತಾಗುತ್ತದೆ. ಎಲ್ಲರೂ ಇಳಿದ ಮೇಲೆ ಕೊನೆಗೆ ಕೊರಳಲ್ಲಿ ಶಿಲುಬೆ ಇರುವ ಒಬ್ಬ ಇಳಿಯುತ್ತಾನೆ. ಅವನು ಅಲ್ಲಿ ಧರ್ಮ ಬದಲಿಸಿದವನು. ಮಂತ್ರಿ ಅವನನ್ನು ಗೂಢಚಾರ ಎನ್ನುತ್ತಾನೆ. ರಾಣಿ ಕೇಳುತ್ತಾಳೆ: “ಈ ದೋಣಿಗೆ ಹುಟ್ಟು ಹಾಕಿದ ಕೈ ಯಾರದು?” ಬಂದವರು ತಲೆ ತಗ್ಗಿಸಿ “ಇವನದೇ” ಎನ್ನುತ್ತಾರೆ. “ಹಾಗಾದರೆ ಆ ಕೈಗೆ ನನ್ನ ಭರ್ಜಿ ಕೊಡಿ.” ಅವನು ಭರ್ಜಿ ಹಿಡಿದು, ರಾಣಿಯ ಬಲಗಡೆ ನಿಂತು, ಇಡೀ ನಾಟಕದಲ್ಲಿ ತನಗಿರುವ ಒಂದೇ ಮಾತು ಹೇಳುತ್ತಾನೆ: “ಈ ಬಾಗಿಲಿಗೆ ನನ್ನ ಬೆನ್ನೇ ಅಗಳಿ, ತಾಯಿ.”

ಆ ಮಾತಿಗೆ ಪ್ರತಿ ವರ್ಷ ಚಪ್ಪಾಳೆ ಬೀಳುತ್ತಿತ್ತು. ಹೇಳುತ್ತಿದ್ದವನು ಬಸ್ತ್ಯಾಂವ. ಬೈತಖೋಲದಲ್ಲಿ ದೋಣಿ ರಿಪೇರಿ ಮಾಡುವ ಕ್ರಿಶ್ಚಿಯನ್ ಬಡಗಿ. ಅವನಿಗಿಂತ ಮೊದಲು ಅವನ ಅಪ್ಪ ಆ ಪಾತ್ರ ಮಾಡುತ್ತಿದ್ದ. ಭರ್ಜಿಯನ್ನೂ ಅಪ್ಪನೇ ಒಂದು ಹಳೆಯ ದೋಣಿಯ ಮರದಿಂದ ಕೆತ್ತಿದ್ದ. ಪೋರ್ಚುಗೀಸ್ ಕಪ್ತಾನನ ಪಾತ್ರ ಮಾತ್ರ ಯಾವಾಗಲೂ ಅಂಕೋಲೆಯ ಮಾಬ್ಲೇಶ್ವರನಿಗೆ. ಕಚೇರಿ ಮುಗಿಸಿ, ಗಡ್ಡ ಮತ್ತು ಟೋಪಿಯ ಚೀಲ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ. ಪ್ರೇಕ್ಷಕರ ನಡುವಿನಿಂದ ಗಂಗಿ ಅವನಿಗೆ ಬೈಯುತ್ತಿದ್ದಳು. ಗಂಗಿ ಹೀರಾಳ ಪಕ್ಕ ಕೂತು ಮೀನು ಮಾರುವವಳು. ಬೈಗುಳ ಕೊಂಕಣಿಯಲ್ಲಿರುತ್ತಿತ್ತು, ಪ್ರತಿ ವರ್ಷ ಹೊಸದಿರುತ್ತಿತ್ತು. ಅದನ್ನು ಕೇಳಲೆಂದೇ ಬರುವವರು ಇದ್ದರು.

ಹೀರಾ ರಾಣಿಯಾದದ್ದು ಮಾತಿನ ಕಾರಣದಿಂದ. ಬೈತಖೋಲದ ಮನೆಗಳಲ್ಲಿ ಕೊಂಕಣಿ, ನಾಟಕ ಕನ್ನಡದಲ್ಲಿ. ಹೀರಾಳ ತವರು ಅಂಕೋಲೆಯ ಬೇಲೇಕೇರಿ, ಅಲ್ಲಿ ಕನ್ನಡ ಶಾಲೆಗೆ ಹೋಗಿದ್ದವಳು. ಮೊದಲ ವರ್ಷ ಯಾರೋ “ಮೀನಿನವಳು ರಾಣಿಯಂತೆ” ಎಂದು ನಕ್ಕಾಗ ಅವಳು ಕಿರೀಟ ಸರಿಮಾಡಿಕೊಳ್ಳುತ್ತ, “ತಲೆ ಮೇಲೆ ಭಾರ ಹೊತ್ತು ಕುತ್ತಿಗೆ ನೆಟ್ಟಗೆ ಇಟ್ಟು ನಡೀಲಿಕ್ಕೆ ನಿಮ್ಮ ಮನೆ ಹೆಂಗಸರಿಗೆ ಬತ್ತದ್ಯಾ?” ಎಂದು ಕೇಳಿದ್ದಳಂತೆ. ಇದು ನಾನು ಕೇಳಿದ್ದು. ಆದರೆ ಅವಳ ರಾಣಿಯ ನಡಿಗೆ ನೋಡಿದವರು ಅನುಮಾನ ಪಡಲಾರರು. ಪರದೆಯ ಬದಿಗೆ ಕೂತು ಮಾತು ಎತ್ತಿಕೊಡುವ ಕೆಲಸ ನನ್ನದು. ಹೀರಾಳಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ.

ಇನ್ನು ಸಿಂಬೆಯ ವಿಷಯ. ಬುಟ್ಟಿಯ ಕೆಳಗೆ ತಲೆಗೆ ಆನಿಕೆಯಾಗಿ ಇಟ್ಟುಕೊಳ್ಳುವ, ಹಳೆ ಸೀರೆ ಸುತ್ತಿ ಮಾಡಿದ ಬಳೆಯಂಥ ಬಟ್ಟೆಯೇ ಸಿಂಬೆ. ನಮ್ಮ ಬಂದರಿನ ಲಿಲಾವಿನಲ್ಲಿ, ಅಂದರೆ ಮೀನಿನ ಹರಾಜಿನಲ್ಲಿ, ಅದಕ್ಕೆ ಇನ್ನೊಂದು ಕೆಲಸವಿದೆ. ಟ್ರಾಲರಿನಿಂದ ಮೀನು ಇಳಿಸಿ ರಾಶಿ ಹಾಕುತ್ತಾರೆ, ಹೆಂಗಸರು ಸುತ್ತ ನಿಂತು ದರ ಕೂಗುತ್ತಾರೆ. ಒಬ್ಬಳು ತನ್ನ ಸಿಂಬೆಯನ್ನು ರಾಶಿಯ ಮೇಲೆ ಹಾಕಿದರೆ ಕೂಗು ನಿಲ್ಲುತ್ತದೆ. ಆ ಮಾಲು ಅವಳದು. ಒಳಗೆ ಕೊಳೆತಿದ್ದರೂ ಅವಳದೇ, ತಿರುಗಿಸುವಂತಿಲ್ಲ. ಆ ಸಿಂಬೆಯನ್ನು ಬೇರೆ ಯಾರೂ ಎತ್ತುವಂತಿಲ್ಲ. ಅವಳು ಎತ್ತಬೇಕು, ಇಲ್ಲವೇ ಅವಳು ಕೈ ತೋರಿಸಿದವರು ಹೊರಬೇಕು. ಟ್ರಾಲರಿನ ಮಾಲೀಕರೂ ಇದನ್ನು ಮೀರುವುದಿಲ್ಲ. ಹೊರಗಿನಿಂದ ಬಂದ ಒಬ್ಬ ಏಜೆಂಟ ಒಮ್ಮೆ ಯಾರದೋ ಸಿಂಬೆಯನ್ನು ಕಾಲಿನಿಂದ ಸರಿಸಿದ. ಆ ದೋಣಿಯ ಮೀನನ್ನು ಅಂದು ಒಬ್ಬ ಹೆಂಗಸೂ ಮುಟ್ಟಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅದು ನಾರಿ, ಕಡೆಗೆ ತೆಂಗಿನ ಬುಡಕ್ಕೆ ಹೋಯಿತು.

ಹೀರಾ ಒಮ್ಮೆ ಹೀಗೆ ಬಂಗಡೆ ರಾಶಿಯ ಮೇಲೆ ಸಿಂಬೆ ಹಾಕಿದ್ದಳು. ಮೇಲಿನ ಮೀನು ಕನ್ನಡಿಯಂತಿತ್ತು, ಕೆಳಗಿನದು ಬೆರಳು ಒತ್ತಿದರೆ ಕುಸಿಯುತ್ತಿತ್ತು. ದೋಣಿಯವನೇ ಸಂಕೋಚಪಟ್ಟು, “ಬಿಡು ಬಾಯ್, ಅರ್ಧ ತಗೋ” ಎಂದ. “ಸಿಂಬೆ ಅರ್ಧ ಬಿದ್ದದ್ಯಾ?” ಎಂದು ಕೇಳಿ ಅವಳು ಪೂರ್ತಿ ರಾಶಿ ಹೊತ್ತು, ಉಪ್ಪು ಹಾಕಿ ಒಣಗಿಸಿದಳು. ಮಳೆಗಾಲದುದ್ದಕ್ಕೂ ಅವಳ ಮನೆಯಲ್ಲಿ ಆ ಬಂಗಡೆಯ ಸಾರೇ.

ಇಷ್ಟು ತಿಳಿದಿದ್ದರೆ ಎರಡು ಸಾವಿರದ ಎಂಟರ ನವರಾತ್ರಿ ಅರ್ಥವಾಗುತ್ತದೆ.

ಆ ಸೆಪ್ಟೆಂಬರಿನಲ್ಲಿ ದಕ್ಷಿಣದ ಕಡೆಯಿಂದ ಚರ್ಚುಗಳ ಗಾಜು ಒಡೆದ ಸುದ್ದಿ ಬಂತು. ನಮ್ಮಲ್ಲಿ ಏನೂ ಆಗಲಿಲ್ಲ. ಆದರೆ ಜನ ಮಾತಾಡುವ ರೀತಿ ಬದಲಾಯಿತು. ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಬೇಗ ಕುಡಿದು ಏಳತೊಡಗಿದರು. ನಾಟಕದ ತಾಲೀಮು ಶುರುವಾಗುವ ಹೊತ್ತಿಗೆ ಮಂಡಳಿಯ ಅಧ್ಯಕ್ಷ ದೇವಾನಂದ ಎಲ್ಲರನ್ನೂ ಕರೆದ. ಅವನು ಎರಡು ಟ್ರಾಲರಿನ ಮಾಲೀಕ, ಹೀರಾಳ ಗಂಡನ ಚಿಕ್ಕಪ್ಪನ ಮಗ. ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವನು. ಕೆಟ್ಟವನಲ್ಲ, ಹೆದರಿದ್ದ.

“ವೈನಿ, ಈ ವರ್ಷ ಗಾಳಿ ಸರಿ ಇಲ್ಲ,” ಎಂದ.

“ಗಾಳಿ ಸರಿ ಇಲ್ದಿದ್ರೆ ದೋಣಿ ಮೇಲೆ ಎಳೆದಿಡು. ನಾಟಕಕ್ಕೆ ಎಂತ ಆಯ್ತು?”

“ತಮಾಷೆ ಅಲ್ಲ. ಪೇಟೆಯಿಂದ ನಾಕು ಜನ ಬಂದಿದ್ರು. ದೇವಿ ಎದುರಿಗೆ ಕಿರಿಸ್ತಾಂವನ ಕೈಲಿ ಭರ್ಜಿ ಕೊಡೂದು ಎಂತಕ್ಕೆ ಅಂತ ಕೇಳಿದ್ರು. ಬಸ್ತ್ಯಾಂವ ಈ ವರ್ಷ ಬೇಡ. ರೋಷನ ಆ ಪಾರ್ಟು ಮಾಡ್ತಾನೆ. ಕೊರಳಿಗೆ ಶಿಲುಬೆನೂ ಬೇಡ.” ರೋಷನ ಅವನ ಮಗ.

“ಶಿಲುಬೆ ಇಲ್ದೇ ಹೋದ್ರೆ ದೋಣಿಯಿಂದ ಇಳಿಯೂದು ಯಾರು?”

“ಯಾರೋ ಒಬ್ಬ ಶೂರ. ನಮ್ಮವನೇ.”

“ನಮ್ಮವನಿಗೆ ಜಾಗ ಕೊಡೂಕೆ ರಾಣಿ ಎಂತಕ್ಕೆ ಮಾರಾಯಾ? ಅಷ್ಟು ಕೆಲಸ ತಲಾಟಿನೂ ಮಾಡ್ತಾನೆ.”

ಎಲ್ಲರೂ ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ದೇವಾನಂದನ ಮುಖ ಕೆಂಪಾಯಿತು. “ನಿನಗೆ ಆಗೂದಿಲ್ಲ ಅಂದ್ರೆ ಹೇಳು. ನಮ್ಮ ಪ್ರೀತಿ ಇದ್ದಾಳೆ. ಕಾಲೇಜಿನಲ್ಲಿ ಭಾಷಣ ಮಾಡಿ ಕಪ್ ಗೆದ್ದು ತಂದವಳು. ಕಿರೀಟ ಅವಳಿಗೂ ಹಿಡೀತದೆ.”

ಆ ಒಂದು ಸಂಜೆ ಹೀರಾಳಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಕಿರೀಟದ ಉದುರಿದ ಮಣಿಗಳನ್ನು ಅವಳೇ ಮೀನುಗಾಳದ ದಾರದಿಂದ ಪೋಣಿಸುತ್ತಿದ್ದಳು. ನವರಾತ್ರಿ ಹತ್ತಿರ ಬಂದಾಗ ಅಂಕೋಲೆಯ ಓಣಿಗಳಲ್ಲಿ ಅವಳು ಮೀನಿನ ಹೆಸರು ಕೂಗುವ ದನಿಯೂ ರಾಣಿಯದಾಗುತ್ತಿತ್ತು. ಈಗ ಕಿರೀಟ ಒಂದು ಕಡೆ, ಬಸ್ತ್ಯಾಂವ ಇನ್ನೊಂದು ಕಡೆ.

ಮರುದಿನ ಅವಳು ಬಸ್ತ್ಯಾಂವನನ್ನು ಹುಡುಕಿಕೊಂಡು ಹೋದಳು. ಈ ಮಾತುಗಳನ್ನು ನನಗೆ ಹೇಳಿದವನು ಅವನೇ. ಅವನು ದಡಕ್ಕೆ ಎಳೆದ ದೋಣಿಯ ಕೆಳಗೆ ಮಲಗಿ ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಿದ್ದ.

“ಹೊರಗೆ ಬಾ ರೇ. ಕಾಲಿನ ಹತ್ರ ಮಾತಾಡೂಕೆ ಆಗೂದಿಲ್ಲ.”

ಅವನು ತೆವಳಿ ಬಂದ. “ಬಾಯ್, ನನಗೆ ಗೊತ್ತದೆ. ದೇವಾನಂದ ಹೇಳಿದ. ನನ್ನದು ಒಂದೇ ಮಾತಿನ ಪಾರ್ಟು. ಅದಕ್ಕೆ ಜಗಳ ಬೇಡ. ಮನೇಲಿ ಹೆಂಡತಿ ಹೆದರಿದ್ದಾಳೆ.”

“ನೀ ಹೆದರಲಿಲ್ಲಾ?”

“ಹೆದರಿದ್ದೇನೆ.”

“ಒಳ್ಳೇದು. ಹೆದರಿಕೆ ಇಲ್ಲದವರು ಈಗ ಬಾಳ ಜನ ಆಗಿದ್ದಾರೆ.” ಹೀರಾ ಕೇಳಿದಳು, “ನಾಟಕ ನೋಡೂಕೆ ಬತ್ಯಲ್ಲ?”

“ನೋಡೂಕಾ? ಬರಬಹುದಾ?”

“ನೆಲದ ಮೇಲೆ ಕೂರೂಕೆ ಯಾರ ಅಪ್ಪನ ಪರವಾನಗಿ ಬೇಕು? ನಿನ್ನ ಅಪ್ಪ ಕೆತ್ತಿದ ಭರ್ಜಿ ನಿಲ್ತದೆ ಅಲ್ಲಿ. ಬಾ.”

“ಬತ್ತೇನೆ. ಹಿಂದೆ ಕೂರ್ತೇನೆ,” ಎಂದನಂತೆ ಬಸ್ತ್ಯಾಂವ.

ತಾಲೀಮಿಗೆ ಹೀರಾ ತಪ್ಪದೆ ಬಂದಳು. ಹೊಸ ಮಾತು ಕಲಿತಳು. ಹಳೆಯ ಪ್ರಶ್ನೆಯನ್ನು ತೆಗೆದುಹಾಕಿ ಅಲ್ಲಿ “ಈ ವೀರನಿಗೆ ನನ್ನ ಭರ್ಜಿ ಕೊಡಿ” ಎಂದಷ್ಟೇ ಇಟ್ಟಿದ್ದರು. ಅವಳು ಅದನ್ನು ಚೊಕ್ಕವಾಗಿ ಹೇಳುತ್ತಿದ್ದಳು. ರೋಷನನಿಗೆ ಭರ್ಜಿ ಹಿಡಿಯುವ ರೀತಿಯನ್ನೂ ತೋರಿಸಿಕೊಟ್ಟಳು, “ಹುಟ್ಟಿನ ಹಾಗೆ ಹಿಡೀಬೇಡ ಮಗಾ” ಎಂದು. ದೇವಾನಂದ ಸಮಾಧಾನಗೊಂಡ. ಗಂಗಿ ಮಾತ್ರ ಮೀನುಪೇಟೆಯಲ್ಲಿ ಎಲ್ಲರ ಎದುರು, “ಎಂತದೇ ರಾಣಿ, ಕಿರೀಟಕ್ಕೆ ನಾಲಿಗೆ ಅಡ ಇಟ್ಟೆಯಾ?” ಎಂದು ಚುಚ್ಚಿದಳು. ಹೀರಾ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಮುಂದಿನ ಚಾಪೆ ಮೇಲೆ ಕೂತ್ಕೋ. ಕಾಮಿ ಆಯಿನೂ ಕರ್ಕೊಂಡು ಬಾ,” ಎಂದಳು.

ಕಾಮಿ ದೇವಾನಂದನ ತಾಯಿ. ಆ ಬಂದರಿನಲ್ಲಿ ಅವಳಿಗಿಂತ ಹಿಂದಿನಿಂದ ಮೀನು ಮಾರಿದವರು ಬದುಕಿರಲಿಲ್ಲ. ಈಗ ಕಿವಿ ಮಂದ, ಕಣ್ಣು ಚುರುಕು. ಹೊಸದಾಗಿ ಮದುವೆಯಾಗಿ ಬಂದ ಹೀರಾಳಿಗೆ ಸಿಂಬೆ ಸುತ್ತಲು ಕಲಿಸಿದವಳು ಅವಳೇ.

ನಾಟಕದ ಸಂಜೆ ಆರತಿ ಮುಗಿಯುವಷ್ಟರಲ್ಲಿ ಬಯಲು ತುಂಬಿತ್ತು. ಹೆಂಗಸರು ಹೆಚ್ಚಾಗಿ ಮುಂದೆ, ಗಂಡಸರು ಸುತ್ತ. ಪೇಟೆಯ ನಾಲ್ವರು ಚಾಪೆಗಳ ಬದಿಗೆ ಕುರ್ಚಿಯ ಮೇಲೆ. ಎಲ್ಲರ ಹಿಂದೆ, ಬಲೆಗಳ ರಾಶಿಗೆ ಒರಗಿ ಬಸ್ತ್ಯಾಂವ ಮತ್ತು ಅವನ ಹೆಂಡತಿ ಕೂತಿದ್ದರು. ಮಾಬ್ಲೇಶ್ವರನ ಗಡ್ಡ ಕಾಣುತ್ತಲೇ ಗಂಗಿ ತನ್ನ ಬೈಗುಳ ಹೇಳಿ ಮುಗಿಸಿದಳು. ಜನ ನಕ್ಕು ಹಗುರಾದರು.

ದೋಣಿಯ ದೃಶ್ಯ ಬಂತು. ನಿರಾಶ್ರಿತರು ಇಳಿದರು, ಕೊನೆಗೆ ರೋಷನ ಇಳಿದ. ಅವನ ಕೊರಳಲ್ಲಿ ಈಗ ಹೂವಿನ ಹಾರ. ಸೇವಕ ಭರ್ಜಿ ತಂದು ಸಿಂಹಾಸನದ ಪಕ್ಕ ನಿಲ್ಲಿಸಿದ. ಹೀರಾ ಎದ್ದಳು. ಮಾತಾಡಲಿಲ್ಲ. ಮರೆತಿರಬೇಕೆಂದು ನಾನು “ಈ ವೀರನಿಗೆ ನನ್ನ ಭರ್ಜಿ ಕೊಡಿ” ಎಂದು ಪಿಸುಗುಟ್ಟಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಜರಿ ಸೀರೆಯ ನಿರಿಗೆಯೊಳಗೆ ಕೈ ಹಾಕಿ ಏನನ್ನೋ ಹೊರತೆಗೆದಳು. ನನ್ನ ಮೂಗಿಗೆ ಮೊದಲು ತಿಳಿಯಿತು, ಬಂಗಡೆಯ ವಾಸನೆ. ಅವಳು ದಿನಾ ತಲೆಯ ಮೇಲಿಡುವ ಸಿಂಬೆ ಅದು.

ಅದನ್ನು ಭರ್ಜಿಯ ಮೊನೆಗೆ ಹಾಕಿದಳು. ಸಿಂಬೆ ಜಾರಿ, ಅಲಗಿನ ಕೆಳಗಿನ ಗಂಟಿಗೆ ತಗುಲಿ ನಿಂತಿತು.

ಪೇಟೆಯ ನಾಲ್ವರಿಗೆ ಅದು ಬಟ್ಟೆಯ ತುಂಡು. ಮುಂದಿನ ಚಾಪೆಗಳ ಮೇಲೆ ಮಾತ್ರ ಒಮ್ಮೆಲೇ ಮಾತು ನಿಂತಿತು. ಆಮೇಲೆ ಗಂಗಿ ಎದ್ದು, ಲಿಲಾವಿನಲ್ಲಿ ಕೂಗುವ ದನಿಯಲ್ಲೇ ಕೂಗಿದಳು: “ಬಿತ್ತು! ಸಿಂಬೆ ಬಿತ್ತು!”

ರೋಷನ ಭರ್ಜಿಗೆಂದು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ನನ್ನ ಬೆನ್ನ ಹಿಂದೆ ನಿಂತಿದ್ದ ದೇವಾನಂದ ಹಲ್ಲು ಕಚ್ಚಿ, “ತಗೋಳೋ ಅದನ್ನ!” ಎಂದ.

ರೋಷನ ತುಟಿ ಅಲ್ಲಾಡಿಸದೆ ಹೇಳಿದ, “ಆಯಿ ನೋಡ್ತಾ ಇದ್ದಾಳೆ, ಬಾಬಾ.”

ಹೌದು, ಕಾಮಿ ನೋಡುತ್ತಿದ್ದಳು. ಮೊಮ್ಮಗನ ಕೈಯನ್ನೇ.

ದೇವಾನಂದ ತಾನೇ ರಂಗದ ಅಂಚಿಗೆ ಹೆಜ್ಜೆ ಇಟ್ಟ. “ವೈನಿ, ತೆಗಿ ಅದನ್ನ. ಮಂದಿ ಎದುರಿಗೆ ಮರ್ಯಾದೆ ತೆಗೀಬೇಡ.”

ಹೀರಾ ರಾಣಿಯ ಕನ್ನಡದಲ್ಲಿ, ಇಡೀ ಬಯಲಿಗೆ ಕೇಳುವಂತೆ ಉತ್ತರಿಸಿದಳು. “ಹಾಕಿದ್ದನ್ನು ನಾನು ತೆಗೆಯುವವಳಲ್ಲ. ಧೈರ್ಯವಿದ್ದವರು ಬಂದು ತೆಗೆಯಲಿ.” ಆಮೇಲೆ ಹಳೆಯ ಪ್ರಶ್ನೆ ಕೇಳಿದಳು. “ಈ ದೋಣಿಗೆ ಹುಟ್ಟು ಹಾಕಿದ ಕೈ ಯಾರದು?”

ನಾಟಕದ ನಿರಾಶ್ರಿತರು ಒಬ್ಬರ ಮುಖ ಒಬ್ಬರು ನೋಡಿದರು. ಉತ್ತರ ಬಂದದ್ದು ಚಾಪೆಗಳಿಂದ. “ಬಸ್ತ್ಯಾಂವಂದು!” ಎಂದಳು ಗಂಗಿ. ಇನ್ನೊಬ್ಬಳು ಹೇಳಿದಳು. ಆಮೇಲೆ ಎಲ್ಲರೂ.

ಹೀರಾ ಬಯಲಿನ ಹಿಂಬದಿಗೆ ಕೈ ತೋರಿಸಿದಳು. ಬಸ್ತ್ಯಾಂವ ಏಳಲಿಲ್ಲ. ಅವನ ಹೆಂಡತಿ ಅವನ ಅಂಗಿ ಹಿಡಿದಿದ್ದಳು. ಅವನು ಬಾರದಿದ್ದರೆ ಹೀರಾ ನಗೆಪಾಟಲಾಗುತ್ತಿದ್ದಳು, ಅದು ಅವಳಿಗೂ ಗೊತ್ತಿತ್ತು. ಆದರೂ ಕೈ ಇಳಿಸಲಿಲ್ಲ. ಬಳೆಗಳು ಜಾರಿ ಮೊಣಕೈಗೆ ಬಂದವು. ಕೊನೆಗೆ ರಾಣಿಯ ಕನ್ನಡ ಬಿಟ್ಟು, “ಬಾ ರೇ ಬಸ್ತ್ಯಾಂವ, ಈ ಕಿರೀಟ ಬುಟ್ಟಿಗಿಂತ ಭಾರ ಅದೆ,” ಎಂದಳು.

ಜನ ನಕ್ಕರು. ಅವನ ಹೆಂಡತಿಯೂ ನಕ್ಕಿರಬೇಕು, ಅಂಗಿ ಬಿಟ್ಟಳು. ಬಸ್ತ್ಯಾಂವ ಹೆಂಗಸರ ನಡುವಿನ ದಾರಿಯಲ್ಲಿ ಬಂದ. ಲುಂಗಿ, ಮಾಸಿದ ಅಂಗಿ, ಕೊರಳಲ್ಲಿ ದಿನಾ ಇರುವ ಅವನದೇ ಶಿಲುಬೆ. ಕುರ್ಚಿಯವರಲ್ಲಿ ಒಬ್ಬ ಎದ್ದು ನಿಂತ. “ಕೂತ್ಕೋ, ನನಗೆ ಕಾಣೂದಿಲ್ಲ,” ಎಂದಳು ಅವನ ಹಿಂದಿನ ಸಾಲಿನ ಮುದುಕಿಯೊಬ್ಬಳು. ಅವನು ಕೂತ.

“ಹಾಗಾದರೆ ಆ ಕೈಗೆ ನನ್ನ ಭರ್ಜಿ ಕೊಡಿ,” ಎಂದಳು ರಾಣಿ. ಕೊಡಲು ಯಾರೂ ಮುಂದೆ ಬರದಿದ್ದಾಗ ತಾನೇ ಎತ್ತಿ ಕೊಟ್ಟಳು. ಅವನು ಅವಳ ಬಲಗಡೆ ನಿಂತ. ತನ್ನ ಮಾತು ಹೇಳಲು ಬಾಯಿ ತೆರೆದ, ಪರದೆಯ ಬದಿಗೆ ನನ್ನ ಕಡೆ ನೋಡಿದ. ನನಗೆ ಆ ಮಾತು ಹಾಳೆ ನೋಡದೆ ಗೊತ್ತಿತ್ತು, ಎತ್ತಿಕೊಟ್ಟೆ. ಅವನು ಹೇಳಿದ. ದನಿ ಸಣ್ಣದಾಗಿತ್ತು. ಆ ವರ್ಷದ ಚಪ್ಪಾಳೆ ಸಣ್ಣದಾಗಿರಲಿಲ್ಲ.

ನಾಟಕ ಪೂರ್ತಿ ನಡೆಯಿತು. ಪೇಟೆಯವರು ಮಧ್ಯದಲ್ಲೇ ಎದ್ದು ಹೋಗಿದ್ದರು. ಬಣ್ಣ ಒರೆಸುವಾಗ ದೇವಾನಂದ ಬಂದು, “ಮುಂದಿನ ವರ್ಷ ರಾಣಿ ಪ್ರೀತಿ. ಇದು ನನ್ನ ಮಾತು,” ಎಂದ.

“ಮಾಡು,” ಎಂದಳು ಹೀರಾ, ಕಿರೀಟವನ್ನು ಅವನ ಕೈಗೇ ಕೊಡುತ್ತ. “ಮಣಿ ಸಡಿಲ ಆಗ್ಯದೆ, ನೋಡ್ಕೋ.”

ಭರ್ಜಿಯನ್ನು ಬಸ್ತ್ಯಾಂವ ಮಂಡಳಿಯ ಕೋಣೆಯ ಗೋಡೆಗೆ ಒರಗಿಸಿ ಹೋದ. ಸಿಂಬೆ ಅದರ ಮೇಲೆಯೇ ಉಳಿಯಿತು.

ಆಮೇಲೆ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಕೋಲೆಯಲ್ಲಿ ಅವಳಿಂದ ಹಿಂದಿನಿಂದಲೂ ಮೀನು ಕೊಳ್ಳುತ್ತಿದ್ದ ಕೆಲವು ಮನೆಯವರು ಬಾಗಿಲು ತೆಗೆಯುವುದನ್ನು ನಿಲ್ಲಿಸಿದರು. ಆ ಗೇಟುಗಳ ಎದುರು ಅವಳು ಬುಟ್ಟಿ ಇಳಿಸಿ, ಬೇರೆ ಕಡೆಗಿಂತ ಜೋರಾಗಿ, ಒಂದೊಂದೇ ಮೀನಿನ ಹೆಸರು ಕೂಗಿ ಮುಂದೆ ಹೋಗುತ್ತಿದ್ದಳು. ಇಸವಾಣದಂಥ ದುಬಾರಿ ಮೀನು ಇದ್ದ ದಿನ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಮರುವರ್ಷ ಪ್ರೀತಿಯೇ ರಾಣಿಯಾದಳು. ತಾಲೀಮು ಶುರುವಾದಾಗ ಭರ್ಜಿ ಬೇಕಾಯಿತು. ಅದು ಗೋಡೆಗೆ ಒರಗಿಯೇ ಇತ್ತು, ಮೇಲೆ ಧೂಳು ಹಿಡಿದ ಸಿಂಬೆ. ವರ್ಷವಿಡೀ ಕೋಣೆ ಗುಡಿಸಿದವರು ಅದರ ಸುತ್ತ ಗುಡಿಸಿದ್ದರು. ರೋಷನ ಮುಟ್ಟಲಿಲ್ಲ. ಉಳಿದ ಹುಡುಗರೂ ಮುಟ್ಟಲಿಲ್ಲ. ಅವರ ತಾಯಂದಿರೆಲ್ಲ ಬೆಳಗಾದರೆ ಲಿಲಾವಿಗೆ ಹೋಗುವವರೇ. ಹೊಸ ಭರ್ಜಿ ಮಾಡಿಸೋಣ ಎಂದು ಒಬ್ಬ ಹೇಳಿದ. “ಯಾರ ಹತ್ರ?” ಎಂದು ಇನ್ನೊಬ್ಬ ಕೇಳಿದ. ಬೈತಖೋಲದಲ್ಲಿ ಮರ ಕೆತ್ತುವವನು ಒಬ್ಬನೇ. ಪೇಟೆಯಿಂದ ತರಿಸುವ ಮಾತು ಕಾಮಿಯ ಮಂದ ಕಿವಿಗೂ ಹೇಗೋ ಮುಟ್ಟಿತು. “ಕೂಗು ಮುಗಿದ ಮಾಲಿಗೆ ಪೇಟೆಯಿಂದ ಬೇರೆ ತರ್ತ್ಯಾ?” ಎಂದು ಅವಳು ಊಟದ ತಟ್ಟೆಯ ಮುಂದೆ ಮಗನನ್ನು ಕೇಳಿದಳಂತೆ.

ದೇವಾನಂದ ಹೀರಾಳ ಮನೆಗೆ ಬಂದ. ನಾನೂ ಜೊತೆಗಿದ್ದೆ. ಅವಳು ಅಂಗಳದಲ್ಲಿ ಸೀಗಡಿ ಸುಲಿಯುತ್ತಿದ್ದಳು.

“ವೈನಿ, ಆ ಸಿಂಬೆ ಒಂದು ತೆಗಿ.”

“ಎಂತಕ್ಕೆ? ನನಗೆ ಬೇರೆ ಅದೆ.”

“ಹಾಗಾರೆ ಭರ್ಜಿ ಎತ್ತೂದು ಹ್ಯಾಂಗೆ?”

“ನಾ ಕೈ ತೋರಿಸಿದವ ಎತ್ತೂಕೆ ಅಡ್ಡಿ ಇಲ್ಲ. ಅವನನ್ನ ಕರಿ.”

ದೇವಾನಂದ ಬಸ್ತ್ಯಾಂವನಿದ್ದ ದೋಣಿಯ ಕಡೆ ನಡೆದ. ದೋಣಿಯ ಕೆಳಗಿನ ಕಾಲುಗಳ ಜೊತೆ ಅವನು ಏನು ಮಾತಾಡಿದನೋ ಗೊತ್ತಿಲ್ಲ. ಆ ಸಂಜೆ ತಾಲೀಮಿಗೆ ಬಸ್ತ್ಯಾಂವ ಬಂದ. ಅವನು ಬಂದ ಮೇಲೆ ಹಳೆಯ ಪ್ರಶ್ನೆಯೂ ಬರಲೇಬೇಕಾಯಿತು. ಪ್ರೀತಿ ಅದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿದಳು. ದನಿ ಚೆನ್ನಾಗಿತ್ತು, ನಡಿಗೆ ಇನ್ನೂ ಬರಬೇಕಿತ್ತು.

ನಾಟಕದ ದಿನ ಹೀರಾ ಮುಂದಿನ ಚಾಪೆಯ ಮೇಲೆ, ಗಂಗಿ ಮತ್ತು ಕಾಮಿಯ ನಡುವೆ ಕೂತಿದ್ದಳು. ಪ್ರೀತಿ ಕಿರೀಟ ತೊಟ್ಟು ಬಂದಾಗ ಅವಳ ಕಣ್ಣು ಅಲ್ಲಿಯೇ ನೆಟ್ಟಿತು, ಸಡಿಲಾದ ಮಣಿಯ ಮೇಲೋ ಬೇರೆಯದರ ಮೇಲೋ ನಾನು ಹೇಳಲಾರೆ. ಗಂಗಿ ಸುಮ್ಮನಿರುವವಳಲ್ಲ. “ಹೋಯ್ತಲ್ಲೇ ನಿನ್ನ ಪಟ್ಟ,” ಎಂದಳು.

ಅಷ್ಟರಲ್ಲಿ ಬಸ್ತ್ಯಾಂವ ಭರ್ಜಿ ಹಿಡಿದು ರಾಣಿಯ ಬಲಗಡೆಗೆ ಬಂದು ನಿಂತ. ಅಲಗಿನ ಕೆಳಗೆ ಸಿಂಬೆ ಹಾಗೇ ಇತ್ತು.

“ಪಟ್ಟ ಹೋಯ್ತು,” ಎಂದಳು ಹೀರಾ. “ಮಾಲು ನನ್ನದೇ.”